ಚರ್ಮಕ್ಕೆ ತಾಗಿದ್ದು ಎಲ್ಲಿಯವರೆಗೆ ಹೋಗುತ್ತದೆ?

ಸಿಮೆಂಟು, ಸಿಂಪಡಣೆ ಮತ್ತು ಮುಲಾಮುಗಳನ್ನು ಕುರಿತು



ನಮ್ಮ ಸೀಮೆಯ ನೆಲವೆಂದರೆ ಸುಣ್ಣಕಲ್ಲಿನ ನೆಲ. ಶಹಾಬಾದಿನ ಫರಸಿಯನ್ನು ಹಾಸದ ಮನೆಯಾಗಲಿ, ಗುಡಿಯಾಗಲಿ, ಮಠದ ಅಂಗಳವಾಗಲಿ ಇಲ್ಲಿ ದೊರೆಯುವುದು ಅಪರೂಪ. ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲಿರುವ ಆ ಕಲ್ಲಿನ ಮೇಲೆ ಬರಿಮೈಯಲ್ಲಿ ಮಲಗಿದರೂ ಚರ್ಮಕ್ಕೆ ತಂಪೇ ಹೊರತು ಬಾಧೆಯಿಲ್ಲ. ಅದೇ ಜಾತಿಯ ಕಲ್ಲನ್ನು ಪುಡಿಮಾಡಿ, ಜೇಡಿಮಣ್ಣಿನ ಅಂಶವನ್ನು ಕೂಡಿಸಿ, ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟು, ಮತ್ತೆ ನುಣ್ಣಗೆ ಅರೆದರೆ ಅದು ಸಿಮೆಂಟಾಗುತ್ತದೆ. ಆ ಸಿಮೆಂಟನ್ನು ನೀರಿನಲ್ಲಿ ಕಲಸಿ, ಅದರಲ್ಲಿ ಕೆಲವು ತಾಸು ಮೊಣಕಾಲೂರಿ ಕೆಲಸ ಮಾಡಿದವರ ಚರ್ಮ ಸುಟ್ಟು ಹುಣ್ಣಾಗುತ್ತದೆ. ಮೂಲದ ಕಲ್ಲು ಒಂದೇ, ಚರ್ಮವೂ ಒಂದೇ. ಆದರೆ ಸಂಸ್ಕಾರ ಬದಲಾದೊಡನೆ ದ್ರವ್ಯದ ಗುಣ ಬದಲಾಯಿತು, ಚರ್ಮದೊಡನೆ ಅದರ ವ್ಯವಹಾರವೂ ಬದಲಾಯಿತು.

ಹೊರಗಿನ ವಸ್ತುವೊಂದು ಚರ್ಮಕ್ಕೆ ತಾಗಿದಾಗ ಮೂರು ಬಗೆಯ ಪರಿಣಾಮಗಳು ಸಾಧ್ಯ. ಅದು ಮೇಲೆಯೇ ಉಳಿದು, ತೊಳೆದಾಗ ಹೋಗಬಹುದು. ಚರ್ಮವನ್ನೇ ಕೆಡಿಸಬಹುದು. ಅಥವಾ ಚರ್ಮವನ್ನು ಸದ್ದಿಲ್ಲದೆ ದಾಟಿ ರಕ್ತವನ್ನು ಸೇರಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯಿಂದ ನಮ್ಮಲ್ಲಿಗೆ ಚರ್ಮದ ಬಾಧೆಯನ್ನು ಹೇಳಿಕೊಂಡು ಬರುವವರಲ್ಲಿ ಮೂರು ವರ್ಗದವರನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ: ಸಿಮೆಂಟಿನಲ್ಲಿ ಕೈಯಾಡಿಸುವ ಗೌಂಡಿಗಳು ಮತ್ತು ಕೂಲಿಯವರು, ತೊಗರಿಗೆ ಕೀಟನಾಶಕ ಸಿಂಪಡಿಸುವ ಒಕ್ಕಲಿಗರು, ಮತ್ತು ಔಷಧಿ ಅಂಗಡಿಯಿಂದ ತಾವೇ ಮುಲಾಮು ತಂದು ಮುಖಕ್ಕೆ ಹಚ್ಚಿಕೊಂಡ ಯುವಜನರು. ಈ ಮೂವರಿಗೂ ಹೇಳಬೇಕಾದ ಮಾತು ಒಂದೇ: ಬಾಯಿಗೆ ಹಾಕುವ ವಸ್ತುವನ್ನು ಹೇಗೆ ವಿಚಾರಿಸಿ ಹಾಕುತ್ತೇವೆಯೋ ಹಾಗೆಯೇ ಮೈಗೆ ತಾಗುವ ವಸ್ತುವನ್ನೂ ವಿಚಾರಿಸಬೇಕು.

ಪ್ರಾಚೀನರು ಕಂಡ ಚರ್ಮ

ಚರ್ಮದ ಸಂಶೋಧನೆ ಇಂದು ನಿನ್ನೆಯದಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಮೃತ ಶರೀರವನ್ನು ಪರೀಕ್ಷಿಸುವ ಕ್ರಮವನ್ನು ವಿವರಿಸಲಾಗಿದೆ. ಶರೀರವನ್ನು ಹುಲ್ಲಿನಿಂದ ಸುತ್ತಿ ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಬಳಿಕ ಲಾವಂಚದ ಬೇರು, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ತೊಡಗಿ ಒಳಗಿನ ಅಂಗಗಳವರೆಗೆ ಒಂದೊಂದನ್ನೂ ಕಣ್ಣಾರೆ ನೋಡಬೇಕೆಂಬುದು ಆ ಕ್ರಮ. ಹೀಗೆ ನೋಡಿದ ಆಚಾರ್ಯರು ಚರ್ಮಕ್ಕೆ ಏಳು ಪದರಗಳನ್ನು ಹೇಳಿದರು: ಅವಭಾಸಿನಿ, ಲೋಹಿತಾ, ಶ್ವೇತಾ, ತಾಮ್ರಾ, ವೇದಿನಿ, ರೋಹಿಣಿ ಮತ್ತು ಮಾಂಸಧರಾ. ಅತಿ ಮೇಲಿನ ಅವಭಾಸಿನಿಯ ದಪ್ಪವು ಒಂದು ಭತ್ತದ ಕಾಳಿನ ಹದಿನೆಂಟನೆಯ ಒಂದು ಭಾಗವೆಂದು ಅಳತೆಯನ್ನೂ ಕೊಟ್ಟರು. ಚರಕಾಚಾರ್ಯರು ಆರು ಪದರಗಳನ್ನು ಎಣಿಸುತ್ತಾರೆ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಮಾತನ್ನು ಸುಶ್ರುತರು ಹೇಳಿದ್ದಾರೆ. ಚರ್ಮದಲ್ಲಿರುವ ಪಿತ್ತಕ್ಕೆ ಭ್ರಾಜಕವೆಂದು ಹೆಸರು. ಅಭ್ಯಂಗ, ಧಾರೆ, ಅವಗಾಹ, ಲೇಪ ಇವುಗಳಿಂದ ಮೈಗೆ ಬಂದ ದ್ರವ್ಯಗಳನ್ನು ಪಚನ ಮಾಡುವುದು ಅದರ ಕಾರ್ಯ. ಹೊಟ್ಟೆಗೆ ಜಠರಾಗ್ನಿ ಇರುವಂತೆ ಚರ್ಮಕ್ಕೂ ಒಂದು ಅಗ್ನಿ ಇದೆಯೆಂಬುದು ಇದರ ತಾತ್ಪರ್ಯ. ಲೇಪಿಸಿದ್ದು ಕೇವಲ ಮೇಲ್ಮೈಯ ಅಲಂಕಾರವಲ್ಲ, ಶರೀರವು ಅದನ್ನು ಸ್ವೀಕರಿಸುತ್ತದೆ ಎಂಬ ತಿಳಿವಳಿಕೆಯ ಮೇಲೆಯೇ ನಮ್ಮ ಬಹಿಃಪರಿಮಾರ್ಜನ ಚಿಕಿತ್ಸೆಯೆಲ್ಲ ನಿಂತಿದೆ.

ಇಂದಿನ ವಿಜ್ಞಾನ ಅಳೆದ ಚರ್ಮ

ಆಧುನಿಕ ವಿಜ್ಞಾನದ ಪ್ರಕಾರ ವಯಸ್ಕರ ಚರ್ಮದ ವಿಸ್ತೀರ್ಣ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರ್. ಅದರ ಅತಿ ಹೊರಗಿನ ಕೊಂಬು ಪದರವು ಸತ್ತ ಜೀವಕೋಶಗಳಿಂದಾದುದು. ಅಂಗೈ ಅಂಗಾಲುಗಳನ್ನು ಬಿಟ್ಟರೆ ಉಳಿದೆಡೆ ಅದರ ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಇಟ್ಟಿಗೆಯ ಗೋಡೆಯನ್ನು ನೆನೆಯಿರಿ. ಸತ್ತ ಕೋಶಗಳೇ ಇಟ್ಟಿಗೆ. ಅವುಗಳ ನಡುವಿನ ಮೇದಸ್ಸು, ಎಂದರೆ ಜಿಡ್ಡಿನ ಅಂಶವೇ ಗಾರೆ. ಒಳಗಿನ ನೀರು ಆರಿಹೋಗದಂತೆಯೂ ಹೊರಗಿನ ವಿಷ ಒಳಬಾರದಂತೆಯೂ ಕಾಯುವುದು ಈ ತೆಳುವಾದ ಗೋಡೆಯೇ. ಆರೋಗ್ಯವಂತ ಚರ್ಮದ ಮೇಲ್ಮೈ ಅಲ್ಪ ಆಮ್ಲೀಯವಾಗಿರುತ್ತದೆ. ಅದೂ ಒಂದು ರಕ್ಷೆ.

ಈ ಗೋಡೆಯನ್ನು ಯಾವುದು ದಾಟುತ್ತದೆ, ಎಷ್ಟು ದಾಟುತ್ತದೆ ಎಂಬುದನ್ನು ವಿಜ್ಞಾನಿಗಳು ಹಲವು ಬಗೆಯಲ್ಲಿ ಅಳೆಯುತ್ತಾರೆ. ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ಕಿತ್ತು, ಕೊಂಬು ಪದರವನ್ನು ಪದರುಪದರಾಗಿ ತೆಗೆದು, ಪ್ರತಿಯೊಂದು ಪದರದಲ್ಲಿಯೂ ಔಷಧ ಎಷ್ಟಿದೆಯೆಂದು ನೋಡುವುದು ಒಂದು ವಿಧಾನ. ಸುಶ್ರುತರ ಕುಂಚದ ನೆನಪು ಇಲ್ಲಿ ನಮಗೆ ಬಾರದಿರದು. ಗಾಜಿನ ಎರಡು ಕೋಣೆಗಳ ನಡುವೆ ಚರ್ಮದ ತುಣುಕನ್ನು ಬಿಗಿದು, ಮೇಲಿನ ಕೋಣೆಯಲ್ಲಿ ಔಷಧವನ್ನಿರಿಸಿ, ಕೆಳಗಿನ ಕೋಣೆಯ ದ್ರವಕ್ಕೆ ಅದು ಎಷ್ಟು ಹೊತ್ತಿನಲ್ಲಿ ಎಷ್ಟು ಇಳಿಯಿತೆಂದು ಅಳೆಯುವುದು ಇನ್ನೊಂದು. ಇದನ್ನು 1975ರಿಂದೀಚೆಗೆ ಫ್ರಾಂಜ್ ಎಂಬ ವಿಜ್ಞಾನಿಯ ಹೆಸರಿನಿಂದ ಕರೆಯುತ್ತಾರೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಮಾನವ ಚರ್ಮವನ್ನೂ ಹಂದಿಯ ಕಿವಿಯ ಚರ್ಮವನ್ನೂ ಇದಕ್ಕೆ ಬಳಸುವುದುಂಟು. ಪ್ರಯೋಗಶಾಲೆಯಲ್ಲಿಯೇ ಬೆಳೆಸಿದ ಚರ್ಮವೂ ಈಗ ಬಳಕೆಯಲ್ಲಿದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲಿಯೇ ನಿಷೇಧಿಸಿದೆ.

ಇಂಥ ಅಧ್ಯಯನಗಳಿಂದ ಕೆಲವು ನಿಯಮಗಳು ತಿಳಿದುಬಂದಿವೆ. ಅಣುಭಾರ 500ಕ್ಕಿಂತ ಕಡಿಮೆಯಿರುವ ಸಣ್ಣ ಅಣುಗಳು ಚರ್ಮವನ್ನು ದಾಟಬಲ್ಲವು, ದೊಡ್ಡವು ದಾಟಲಾರವು. ಸುಮಾರು 5800 ಅಣುಭಾರದ ಇನ್ಸುಲಿನ್ನನ್ನು ಸೂಜಿಯಿಂದಲೇ ಕೊಡಬೇಕಾಗುವುದಕ್ಕೂ, 162 ಅಣುಭಾರದ ನಿಕೋಟಿನ್ನನ್ನು ತಂಬಾಕು ಬಿಡಿಸುವ ಪಟ್ಟಿಯಾಗಿ ತೋಳಿಗೆ ಅಂಟಿಸಬಹುದಾಗಿರುವುದಕ್ಕೂ ಇದು ಒಂದು ಕಾರಣ. ಜಿಡ್ಡಿನಲ್ಲಿ ಕರಗುವ ದ್ರವ್ಯ ಹೆಚ್ಚು ಸುಲಭವಾಗಿ ಒಳಹೋಗುತ್ತದೆ. ಉಷ್ಣತೆ, ಬೆವರು, ಒದ್ದೆ ಬಟ್ಟೆಯ ಮುಚ್ಚಿಗೆ, ಗಾಯ, ಬಿರುಕು ಇವೆಲ್ಲವೂ ಒಳಹೋಗುವ ಪ್ರಮಾಣವನ್ನು ಹೆಚ್ಚಿಸುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ಮೀರುವ ನಮ್ಮ ಸೀಮೆಯಲ್ಲಿ ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು.

ಇನ್ನೊಂದು ಮುಖ್ಯ ಸಂಗತಿ: ಮೈಯ ಎಲ್ಲ ಭಾಗದ ಚರ್ಮವೂ ಒಂದೇ ಅಲ್ಲ. ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ವೈದ್ಯರು 1967ರಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಔಷಧವನ್ನು ದೇಹದ ಬೇರೆ ಬೇರೆ ಕಡೆ ಹಚ್ಚಿ ಅಳೆದರು. ಮುಂಗೈಯ ಒಳಭಾಗದಲ್ಲಿ ಒಂದು ಪಾಲು ಒಳಹೋದರೆ ತಲೆಯ ಚರ್ಮದಲ್ಲಿ ಮೂರೂವರೆ ಪಾಲು, ಹಣೆಯಲ್ಲಿ ಆರು ಪಾಲು, ದವಡೆಯ ಮೂಲೆಯಲ್ಲಿ ಹದಿಮೂರು ಪಾಲು, ವೃಷಣದ ಚರ್ಮದಲ್ಲಿ ನಲವತ್ತೆರಡು ಪಾಲು ಒಳಹೋಯಿತು. ಅಂಗಾಲಿನಲ್ಲಾದರೋ ಏಳನೆಯ ಒಂದು ಪಾಲು ಮಾತ್ರ. ಆದುದರಿಂದ ಕಾಲಿಗೆ ಹಿತವಾದ ಮುಲಾಮು ಮುಖಕ್ಕೂ ಹಿತವೆಂದು ತಿಳಿಯುವುದು ಅಪಾಯಕರ.

ಗೌಂಡಿಯ ಕೈ

ಶಹಾಬಾದಿನಲ್ಲಿ ನಿಜಾಮರ ಕಾಲದಲ್ಲಿಯೇ ಸಿಮೆಂಟಿನ ಉದ್ಯಮ ಆರಂಭವಾಯಿತು. 1968ರಲ್ಲಿ ವಾಡಿಯ ಕಾರ್ಖಾನೆ ಬಂದಿತು. ಬಳಿಕ ಸೇಡಂ, ಮಳಖೇಡ, ಚಿಂಚೋಳಿಯ ಕಡೆಗಳಲ್ಲಿಯೂ ಕಾರ್ಖಾನೆಗಳೆದ್ದವು. ರಾಷ್ಟ್ರಕೂಟರು ಆಳಿದ ಕಾಗಿಣಾ ತೀರದ ಸುಣ್ಣಕಲ್ಲು ಇಂದು ದೂರದ ಊರುಗಳ ಕಟ್ಟಡಗಳಲ್ಲಿ ನಿಂತಿದೆ, ಇಲ್ಲಿಯ ಎಷ್ಟೋ ಮನೆಗಳಿಗೆ ಅನ್ನವನ್ನೂ ಕೊಟ್ಟಿದೆ. ಆ ಅನ್ನವನ್ನು ದುಡಿಯುವ ಕೈಗಳ ರಕ್ಷಣೆಯ ವಿಚಾರವನ್ನು ನಾವು ಇಲ್ಲಿ ಮಾಡುತ್ತಿದ್ದೇವೆ.

ಒಣ ಸಿಮೆಂಟಿಗಿಂತ ಹಸಿ ಸಿಮೆಂಟು ಹೆಚ್ಚು ಅಪಾಯಕರ. ನೀರು ಬಿದ್ದೊಡನೆ ಅದರ ಕ್ಷಾರಾಂಶ 12ರಿಂದ 13ರ ಮಟ್ಟಕ್ಕೆ ಏರುತ್ತದೆ. ಚರ್ಮದ ಸಹಜ ಮಟ್ಟ ಸುಮಾರು ಐದು. ಈ ತೀಕ್ಷ್ಣ ಕ್ಷಾರವು ಕೋಶಗಳ ನಡುವಿನ ಜಿಡ್ಡನ್ನು ಕರಗಿಸಿ ಗೋಡೆಯನ್ನೇ ಸಡಿಲಿಸುತ್ತದೆ. ನಮ್ಮ ಶಾಸ್ತ್ರದಲ್ಲಿ ಕ್ಷಾರಕರ್ಮವನ್ನು ಶಸ್ತ್ರಕ್ಕೆ ಸಮಾನವಾಗಿ ಎಣಿಸಿದ್ದು ಏಕೆಂದು ಇದರಿಂದ ತಿಳಿಯುತ್ತದೆ. ಇದರ ಮೋಸವೆಂದರೆ, ಮೊದಲಲ್ಲಿ ನೋವಾಗುವುದಿಲ್ಲ. ಬೂಟಿನೊಳಗೆ ಇಳಿದ ಹಸಿ ಕಾಂಕ್ರೀಟು, ಮೊಣಕಾಲಿನ ಬಳಿ ನೆನೆದ ಪೈಜಾಮ, ಬುಟ್ಟಿ ಹೊತ್ತ ತಾಯಂದಿರ ಕುತ್ತಿಗೆಗೆ ಸೋರಿದ ಗಾರೆ, ಇವು ಕೆಲವು ತಾಸುಗಳ ಬಳಿಕ ಉರಿಯನ್ನೂ ಮರುದಿನ ಕಪ್ಪಾದ ಆಳದ ಹುಣ್ಣನ್ನೂ ತೋರಿಸುತ್ತವೆ.

ಎರಡನೆಯ ಬಾಧೆ ನಿಧಾನವಾದುದು. ಸಿಮೆಂಟಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಕ್ರೋಮಿಯಂ ಲೋಹದ ಕರಗುವ ರೂಪವೊಂದಿರುತ್ತದೆ. ಅದು ಚರ್ಮದೊಳಗೆ ಇಳಿದು ಅಲ್ಲಿಯ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಶರೀರವು ಅದನ್ನು ಶತ್ರುವೆಂದು ಗುರುತಿಸಿ ನೆನಪಿಟ್ಟುಕೊಳ್ಳುತ್ತದೆ. ಕೆಲವರಲ್ಲಿ ತಿಂಗಳುಗಳ, ಕೆಲವರಲ್ಲಿ ವರ್ಷಗಳ ದುಡಿಮೆಯ ಬಳಿಕ ಒಂದು ದಿನ ಕೈಬೆರಳ ಸಂದಿಗಳಲ್ಲಿ ತುರಿಕೆ, ನೀರುಗುಳ್ಳೆ, ಬಿರುಕು ಆರಂಭವಾಗುತ್ತವೆ. ಒಮ್ಮೆ ಈ ಅಲರ್ಜಿ ಬಂದಿತೆಂದರೆ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. “ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಸಿಮೆಂಟಿನಿಂದಾದರೆ ಮೊದಲೇ ಆಗಬೇಕಿತ್ತಲ್ಲ ಡಾಕ್ಟರೇ?” ಎಂದು ಕೇಳುವವರುಂಟು. ಆ ಇಪ್ಪತ್ತು ವರ್ಷಗಳ ಸಂಪರ್ಕವೇ ಅದಕ್ಕೆ ದಾರಿ ಮಾಡಿರಬಹುದು.

ಕಾರಣವನ್ನು ಖಚಿತಪಡಿಸಿಕೊಳ್ಳಲು ಪ್ಯಾಚ್ ಪರೀಕ್ಷೆಯಿದೆ. ಯಾಡಸೋನ್ ಎಂಬ ಚರ್ಮವೈದ್ಯರು 1895ರಲ್ಲಿ ಪ್ರಕಟಪಡಿಸಿದ ಈ ವಿಧಾನದಲ್ಲಿ ಶಂಕಿತ ದ್ರವ್ಯಗಳ ಅಲ್ಪಾಂಶಗಳನ್ನು ಬೆನ್ನಿಗೆ ಅಂಟಿಸಿ, ಎರಡು ದಿನಗಳ ಬಳಿಕ ತೆಗೆದು, ಯಾವುದರ ಕೆಳಗೆ ಚರ್ಮ ಕೆಂಪಾಗಿ ಉಬ್ಬಿದೆಯೆಂದು ನೋಡುತ್ತಾರೆ. ಇದನ್ನು ಚರ್ಮರೋಗ ತಜ್ಞರ ಬಳಿಯಲ್ಲಿಯೇ ಮಾಡಿಸಬೇಕು.

ಈ ರೋಗವನ್ನು ತಡೆಯಲು ಸಾಧ್ಯವೆಂಬುದಕ್ಕೆ ಡೆನ್ಮಾರ್ಕ್ ದೇಶ ಸಾಕ್ಷಿ. 1983ರಿಂದ ಅಲ್ಲಿ ಸಿಮೆಂಟಿಗೆ ಫೆರಸ್ ಸಲ್ಫೇಟ್, ಎಂದರೆ ನಮ್ಮ ಕಾಸೀಸದ ಜಾತಿಯ ಕಬ್ಬಿಣದ ಲವಣವನ್ನು ಬೆರೆಸಿ, ಆ ಕ್ರೋಮಿಯಂ ಹತ್ತು ಲಕ್ಷದಲ್ಲಿ ಎರಡು ಭಾಗವನ್ನು ಮೀರದಂತೆ ಮಾಡಿದರು. ಕಟ್ಟಡ ಕಾರ್ಮಿಕರಲ್ಲಿ ಈ ಅಲರ್ಜಿ ಸ್ಪಷ್ಟವಾಗಿ ಇಳಿಯಿತು. 2005ರಿಂದ ಐರೋಪ್ಯ ಒಕ್ಕೂಟವೂ ಇದೇ ಮಿತಿಯನ್ನು ಜಾರಿಗೆ ತಂದಿತು. ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆಯೂ ರಾಸಾಯನಿಕಗಳ ಸಂಪರ್ಕದಿಂದಾಗುವ ಚರ್ಮದ ಉರಿಯೂತವನ್ನೂ ಕ್ರೋಮಿಯಂ ಹುಣ್ಣನ್ನೂ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದುದರಿಂದ ಕೆಲಸದಿಂದ ಬಂದ ಚರ್ಮರೋಗವನ್ನು ಹಣೆಬರಹವೆಂದು ಮುಚ್ಚಿಟ್ಟುಕೊಳ್ಳಬೇಕಾಗಿಲ್ಲ. ವೈದ್ಯರಿಗೆ ತಮ್ಮ ಉದ್ಯೋಗ ಯಾವುದೆಂದು ತಪ್ಪದೆ ಹೇಳಬೇಕು.

ಕೆಲಸದಲ್ಲಿ ರಬ್ಬರಿನ ಕೈಗವಸು ಮತ್ತು ಗಂಬೂಟು ಇರಲಿ. ತೊಗಲಿನ ಕೈಗವಸನ್ನು ಹದಮಾಡುವುದಕ್ಕೂ ಕ್ರೋಮಿಯಂ ಲವಣವನ್ನೇ ಬಳಸುವುದರಿಂದ ಅಲರ್ಜಿಯುಳ್ಳವರಿಗೆ ಅದು ಸಲ್ಲದು. ಕೈಗವಸಿನೊಳಗೆ ಸಿಮೆಂಟು ಸೇರಿದರೆ ಕೂಡಲೇ ತೆಗೆದು ತೊಳೆಯಬೇಕು. ಹಸಿ ಸಿಮೆಂಟು ತಾಗಿದರೆ ನೆನೆದ ಬಟ್ಟೆಯನ್ನು ಕಳಚಿ, ಇಪ್ಪತ್ತು ನಿಮಿಷಗಳವರೆಗೆ ಹರಿಯುವ ಶುದ್ಧ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೂ ಹೀಗೆಯೇ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸೀಮೆಎಣ್ಣೆಯಿಂದ ಕೈ ತೊಳೆಯುವ, ನಿಂಬೆಹಣ್ಣು ಉಜ್ಜುವ ರೂಢಿಗಳನ್ನು ಬಿಡಬೇಕು. ದಿನದ ಕೆಲಸ ಮುಗಿದು ಕೈ ತೊಳೆದ ಮೇಲೆ ಕೊಬ್ಬರಿ ಎಣ್ಣೆಯನ್ನಾಗಲಿ ಶತಧೌತ ಘೃತವನ್ನಾಗಲಿ ಹಚ್ಚಿದರೆ ಕಳೆದುಹೋದ ಜಿಡ್ಡಿನ ರಕ್ಷೆ ಸ್ವಲ್ಪಮಟ್ಟಿಗೆ ಮರಳುತ್ತದೆ. ತೆರೆದ ಸುಟ್ಟ ಹುಣ್ಣಿಗೆ ಮಾತ್ರ ಮನೆಯ ಲೇಪ ಬೇಡ.

“ಎಣ್ಣೆ” ಎಂಬ ಹೆಸರಿನ ವಿಷ

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತದ್ದು ನಮ್ಮೆಲ್ಲರ ಹೆಮ್ಮೆ. ಆ ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಕಾಲಕ್ಕೆ ಕಾಯಿಕೊರಕ ಹುಳುವಿನ ಕಾಟ. ಆಗ ಒಕ್ಕಲಿಗರು “ಎಣ್ಣೆ ಹೊಡೆಯಲು” ಹೊರಡುತ್ತಾರೆ. ಕೆಲವರು “ಔಷಧಿ ಹೊಡೆಯುತ್ತೇವೆ” ಎನ್ನುತ್ತಾರೆ. ಮೈಗೆ ತಿಕ್ಕುವುದೂ ಎಣ್ಣೆ, ಹುಳುವನ್ನು ಕೊಲ್ಲುವುದೂ ಎಣ್ಣೆ. ರೋಗಿಗೆ ಕೊಡುವುದೂ ಔಷಧಿ, ಹೊಲಕ್ಕೆ ಸುರಿಯುವುದೂ ಔಷಧಿ. ಈ ಮೃದುವಾದ ಹೆಸರುಗಳಿಂದಾಗಿ ಮನಸ್ಸಿನ ಎಚ್ಚರ ತಪ್ಪುತ್ತದೆಯೆಂದು ನಮಗೆ ಅನ್ನಿಸುತ್ತದೆ. ಅದು ವಿಷ, ಅದನ್ನು ವಿಷವೆಂದೇ ಕರೆಯುವುದು ಮೊದಲ ರಕ್ಷೆ.

ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ ಮೊದಲಾದ ಆರ್ಗನೋಫಾಸ್ಫರಸ್ ವರ್ಗದ ಕೀಟನಾಶಕಗಳ ಅಣುಗಳು ಸಣ್ಣವು, ಜಿಡ್ಡಿನಲ್ಲಿ ಕರಗುವಂಥವು. ಚರ್ಮವನ್ನು ದಾಟಲು ಬೇಕಾದ ಎರಡು ಗುಣಗಳೂ ಅವುಗಳಲ್ಲಿವೆ. ಇವು ಚರ್ಮವನ್ನು ಉರಿಸದೆಯೂ ಒಳಹೋಗಬಲ್ಲವಾದುದರಿಂದ ಉರಿಯಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಮೈಬಾಕ್ ಮತ್ತು ಸಂಗಡಿಗರು 1971ರಲ್ಲಿ ಇದೇ ವರ್ಗದ ಪ್ಯಾರಾಥಿಯಾನ್ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸಿ ಅಳೆದಾಗ, ಮುಂಗೈಯಿಂದ ನೂರರಲ್ಲಿ ಸುಮಾರು 9 ಭಾಗ, ಹಣೆಯಿಂದ 36 ಭಾಗ, ಕಂಕುಳಿಂದ 64 ಭಾಗ, ವೃಷಣದ ಚರ್ಮದಿಂದ ಬಹುತೇಕ ಪೂರ್ತಿಯಾಗಿ ಒಳಹೋದುದು ಕಂಡುಬಂದಿತು. ಈಗ ನಮ್ಮ ಹೊಲದ ದೃಶ್ಯವನ್ನು ನೆನೆಯಿರಿ. ಬೆನ್ನಿಗೆ ಕಟ್ಟಿದ ಪಂಪಿನ ಮುಚ್ಚಳದಿಂದ ಸೋರಿದ ದ್ರಾವಣ ಬೆನ್ನಿನಿಂದ ಇಳಿದು ಧೋತರವನ್ನೋ ಚಡ್ಡಿಯನ್ನೋ ನೆನೆಸುತ್ತದೆ; ಆಳೆತ್ತರ ಬೆಳೆದ ತೊಗರಿಯ ಸಾಲಿನಲ್ಲಿ ನಡೆಯುವಾಗ ಮುಖಕ್ಕೂ ಎದೆಗೂ ತುಂತುರು ಬಡಿಯುತ್ತದೆ; ಮೈ ಬೆವರಿರುತ್ತದೆ; ಅದೇ ಬಟ್ಟೆಯಲ್ಲಿ ಸಂಜೆಯವರೆಗೆ ಕೆಲಸ ಸಾಗುತ್ತದೆ. ವಿಷ ಅತಿ ಹೆಚ್ಚು ಒಳಹೋಗುವ ಜಾಗಕ್ಕೇ ಅದು ಅತಿ ಹೆಚ್ಚು ಹೊತ್ತು ತಾಗಿರುತ್ತದೆ.

ನೆರೆಯ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ 2017ರಲ್ಲಿ ಹತ್ತಿಗೆ ಸಿಂಪಡಿಸುತ್ತಿದ್ದ ನೂರಾರು ಜನ ಅಸ್ವಸ್ಥರಾಗಿ, ಇಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡುದನ್ನು ನಾವು ಮರೆಯಬಾರದು. ಅವರು ವಿಷ ಕುಡಿದವರಲ್ಲ, ಬೆಳೆಗೆ ಸಿಂಪಡಿಸಿದವರು.

ಸಿಂಪಡಿಸಿದ ದಿನ ಅತಿಯಾಗಿ ಬೆವರುವುದು, ಜೊಲ್ಲು ಸುರಿಯುವುದು, ಕಣ್ಣು ಮಂಜಾಗುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುವುದು, ವಾಂತಿ, ಸ್ನಾಯುಗಳು ಅದುರುವುದು, ಉಸಿರಿನ ತೊಂದರೆ ಇವುಗಳಲ್ಲಿ ಯಾವುದು ಕಂಡರೂ ಬಟ್ಟೆ ಕಳಚಿ, ಸಾಬೂನು ಹಚ್ಚಿ ಮೈ ತೊಳೆದು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ವಿಷದ ಡಬ್ಬಿಯನ್ನೂ ಜೊತೆಗೆ ಒಯ್ಯಬೇಕು. ಮಜ್ಜಿಗೆ, ಹುಣಸೆನೀರು, ನಮ್ಮ ಆಯುರ್ವೇದದ ಕಷಾಯ ಇವುಗಳಿಗಾಗಿ ಒಂದು ಗಳಿಗೆಯನ್ನೂ ಕಳೆಯಬಾರದು. ಅಲ್ಲಿ ಬೇಕಾದುದು ಆಸ್ಪತ್ರೆಯ ಪ್ರತಿವಿಷ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಮನೆಯ ಎಲ್ಲರೂ ತಿಳಿದಿರಲಿ: ಕೆಂಪು ಅತ್ಯಂತ ವಿಷಕಾರಿ, ಬಳಿಕ ಹಳದಿ, ನೀಲಿ, ಹಸಿರು. ತುಂಬುತೋಳಿನ ಅಂಗಿ, ಪ್ಯಾಂಟು, ಕೈಗವಸು, ಮುಖವಸ್ತ್ರ, ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಇರಲಿ. ಮೈಗೆ ಎಣ್ಣೆ ಹಚ್ಚಿಕೊಂಡರೆ ವಿಷ ತಾಗದೆಂಬುದು ತಪ್ಪು ನಂಬಿಕೆ. ಜಿಡ್ಡಿನಲ್ಲಿ ಕರಗುವ ವಿಷಕ್ಕೆ ಎಣ್ಣೆ ತಡೆಯಲ್ಲ. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯೊಡನೆ ಒಗೆಯಬಾರದು. ತೊಗರಿಯ ಗಿಡವನ್ನು ಅಲುಗಿಸಿ ಕೆಳಗೆ ಹಾಸಿದ ಹಾಳೆಯ ಮೇಲೆ ಹುಳುಗಳನ್ನು ಉದುರಿಸುವ ಕ್ರಮ ನಮ್ಮ ಹಿರಿಯ ಒಕ್ಕಲಿಗರಿಗೆ ಗೊತ್ತಿತ್ತು. ಎಷ್ಟು ಸಲ ಸಿಂಪಡಣೆ ತಪ್ಪಿತೋ ಅಷ್ಟು ಸಲ ಚರ್ಮವೂ ಉಳಿಯಿತು.

ಮುಖಕ್ಕೆ ಹಚ್ಚುವ ಮುಲಾಮು

1952ರಲ್ಲಿ ಸ್ಟೀರಾಯ್ಡ್ ಮುಲಾಮು ಬಳಕೆಗೆ ಬಂದುದು ಚರ್ಮಚಿಕಿತ್ಸೆಯಲ್ಲಿ ದೊಡ್ಡ ಉಪಕಾರವೇ ಸರಿ. ಸರಿಯಾದ ರೋಗಕ್ಕೆ, ಸರಿಯಾದ ಜಾಗದಲ್ಲಿ, ನಿಗದಿತ ದಿನಗಳವರೆಗೆ ಅದು ಬೇಕು. ಆದರೆ ಇಂದು ಅದು ಗಜಕರ್ಣಕ್ಕೂ ಹಚ್ಚುವ, ಮೊಡವೆಗೂ ಹಚ್ಚುವ, ಮದುವೆಗೆ ಮುನ್ನ ಬೆಳ್ಳಗಾಗಲೆಂದೂ ಹಚ್ಚುವ ಟ್ಯೂಬಾಗಿದೆ. ಹಚ್ಚಿದ ವಾರದಲ್ಲಿ ತುರಿಕೆ ಅಡಗುತ್ತದೆ, ಮುಖ ತಿಳಿಯಾಗುತ್ತದೆ. ಕೆಲವು ತಿಂಗಳಲ್ಲಿ ಚರ್ಮ ತೆಳುವಾಗಿ, ಕೆಂಪು ನರಗಳೆದ್ದು, ಬಿಸಿಲಿಗೆ ಉರಿಯತೊಡಗಿ, ಹೆಣ್ಣುಮಕ್ಕಳ ಮುಖದಲ್ಲಿಯೂ ಕೂದಲು ಕಾಣಿಸಿಕೊಳ್ಳುತ್ತವೆ. ಬಿಟ್ಟರೆ ಇಮ್ಮಡಿ ಕೆರಳುತ್ತದೆ. ಕೆರಳಿತೆಂದು ಮತ್ತೆ ಹಚ್ಚುತ್ತಾರೆ.

ಗಜಕರ್ಣದಲ್ಲಿ ಇದರ ಅನರ್ಥ ಇನ್ನೊಂದು ಬಗೆಯದು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಅದರೊಡನೆ ಹೋರಾಡುವ ಚರ್ಮದ ಶಕ್ತಿಯನ್ನೇ ಕುಗ್ಗಿಸುತ್ತದೆ. ಆದುದರಿಂದಲೇ ಸೊಂಟದಲ್ಲಿದ್ದ ಒಂದು ಉಂಗುರ ತೊಡೆ, ಬೆನ್ನುಗಳಿಗೆ ಹಬ್ಬಿ, ಮನೆಮಂದಿಗೆಲ್ಲ ಅಂಟುತ್ತದೆ. ತೀವ್ರವಾದ ಕ್ಲೋಬೆಟಾಸಾಲ್ ಮುಲಾಮನ್ನು ದಿನಕ್ಕೆ ಎರಡು ಗ್ರಾಂನಷ್ಟು ಹಚ್ಚಿದರೂ ಅದು ರಕ್ತಕ್ಕೆ ಸೇರಿ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕೆಲಸವನ್ನು ಕುಂದಿಸಬಲ್ಲದು. 2018ರಲ್ಲಿ ಕೇಂದ್ರ ಸರ್ಕಾರವು 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿದೆ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ. ಬಹುಕಾಲದಿಂದ ಹಚ್ಚುತ್ತಿರುವವರು ಒಮ್ಮೆಲೇ ನಿಲ್ಲಿಸದೆ ಚರ್ಮವೈದ್ಯರ ಸಲಹೆಯಂತೆ ಬಿಡಬೇಕು.

ಬೆಳ್ಳಗಾಗಿಸುವ ಕೆಲವು ಕ್ರೀಮುಗಳಲ್ಲಿ ಪಾದರಸವಿರುವುದೂ ಉಂಟು. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರವರೆಗೆ ಮೂತ್ರಪಿಂಡದ ಒಂದು ಅಪರೂಪದ ರೋಗದ ಮೂಲವನ್ನು ಹುಡುಕುತ್ತ ಹೋದಾಗ, ಒಂದೇ ಲಕ್ಷಣದ 15 ರೋಗಿಗಳ ಪೈಕಿ 13 ಜನ ಇಂಥ ಕ್ರೀಮನ್ನು ಬಳಸಿದವರೆಂದು ಕಂಡುಬಂದಿತು. ಹಚ್ಚಿದ್ದು ಮುಖಕ್ಕೆ, ಕೆಟ್ಟದ್ದು ಮೂತ್ರಪಿಂಡ. ಮಗಳ ಬಣ್ಣವನ್ನು ಎಣಿಸಿ ಸಂಬಂಧವನ್ನು ತೂಗುವ ನಮ್ಮ ಸಮಾಜದ ರೂಢಿಯೂ ಈ ರೋಗದ ಕಾರಣಗಳಲ್ಲಿ ಒಂದೆಂದು ನಾವು ಹೇಳದೆ ಇರಲಾರೆವು.

ಶಿಶುಗಳ ವಿಷಯದಲ್ಲಂತೂ ಇಮ್ಮಡಿ ಎಚ್ಚರ ಬೇಕು. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ದೊಡ್ಡದು. ಆದುದರಿಂದ ಅಲ್ಪವೂ ಅಧಿಕವಾಗುತ್ತದೆ. 1972ರಲ್ಲಿ ಫ್ರಾನ್ಸ್ ದೇಶದಲ್ಲಿ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕವು ಪ್ರಮಾಣ ಮೀರಿ ಬೆರೆತ ಪೌಡರಿನಿಂದ 36 ಶಿಶುಗಳು ಮೃತಪಟ್ಟವು. ಬಳಿದದ್ದು ಕೇವಲ ಪೌಡರು.

ಗಿಡಮೂಲಿಕೆಗೂ ಇದೇ ನಿಯಮ

ಇದನ್ನೆಲ್ಲ ಓದಿ, ರಾಸಾಯನಿಕಗಳಷ್ಟೇ ಕೆಟ್ಟವು, ಗಿಡಮೂಲಿಕೆಗಳೆಲ್ಲ ನಿರಪಾಯವೆಂದು ಯಾರೂ ಭಾವಿಸಬಾರದು. ಆಯುರ್ವೇದದ ವೈದ್ಯರಾದ ನಾವೇ ಇದನ್ನು ಹೇಳಬೇಕು. ಕೇರುಬೀಜವು, ಎಂದರೆ ಭಲ್ಲಾತಕವು ಶಾಸ್ತ್ರದಲ್ಲಿ ಶ್ರೇಷ್ಠ ರಸಾಯನ. ಆದರೆ ಶುದ್ಧಿ ಮಾಡದ ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆಯೆದ್ದು ಆಳದ ಕಪ್ಪು ಕಲೆಯಾಗುತ್ತದೆ. ಅಗಸರು ಬಟ್ಟೆಗೆ ಅಳಿಯದ ಗುರುತು ಹಾಕುತ್ತಿದ್ದುದು ಅದರಿಂದಲೇ. ಮೊಣಕಾಲು ನೋವಿಗೆ ಅದನ್ನು ಹಚ್ಚಿಸಿಕೊಂಡು ಕಾಲು ಕೆಡಿಸಿಕೊಂಡು ಬಂದವರನ್ನು ನಾವು ನೋಡಿದ್ದೇವೆ. ಎಕ್ಕದ ಹಾಲು ಉರಿಯೂತ ತರುತ್ತದೆ. ಅರೆದ ಹಸಿ ಬೆಳ್ಳುಳ್ಳಿಯನ್ನು ಬಟ್ಟೆ ಕಟ್ಟಿ ರಾತ್ರಿಯಿಡೀ ಬಿಟ್ಟರೆ ಚರ್ಮ ಸುಡುತ್ತದೆ. ತೊನ್ನಿಗೆ ಬಳಸುವ ಬಾವಂಚಿಯನ್ನು ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆಗಳೇಳಬಹುದು. ಅದರಲ್ಲಿರುವ ಅಂಶ ಬೆಳಕಿನೊಡನೆ ಕೂಡಿ ಕೆಲಸ ಮಾಡುತ್ತದೆ.

ಈ ಕಾರಣದಿಂದಲೇ ಆಚಾರ್ಯರು ಲೇಪಕ್ಕೆ ವಿಧಿಗಳನ್ನು ಹಾಕಿದರು. ಲೇಪವನ್ನು ರಾತ್ರಿ ಹಚ್ಚಬಾರದು, ಒಣಗಿದ ಮೇಲೆ ಬಿಡಬಾರದು, ಒಂದರ ಮೇಲೊಂದು ಹಚ್ಚಬಾರದು. ಹಾಗೆ ಹಚ್ಚಿದರೆ ದಪ್ಪವಾಗಿ ಒಳಗಿನ ಉಷ್ಣ ನಿಂತು ನೋವು, ದಾಹ ಉಂಟಾಗುತ್ತವೆಂದು ಸುಶ್ರುತರು ಕಾರಣವನ್ನೂ ಕೊಟ್ಟಿದ್ದಾರೆ. ಶಾರ್ಙ್ಗಧರರು ಲೇಪದ ಉದ್ದೇಶಕ್ಕೆ ತಕ್ಕಂತೆ ಕಾಲು ಅಂಗುಲ, ಮೂರನೆಯ ಒಂದು ಅಂಗುಲ, ಅರ್ಧ ಅಂಗುಲ ಎಂದು ದಪ್ಪವನ್ನು ನಿಗದಿಪಡಿಸಿದ್ದಾರೆ. ದ್ರವ್ಯ, ಪ್ರಮಾಣ, ಜಾಗ, ಕಾಲ ಇವುಗಳ ವಿಚಾರವೇ ಚಿಕಿತ್ಸೆ. ಅವನ್ನು ಬಿಟ್ಟರೆ ಅದೇ ದ್ರವ್ಯ ವಿಷ.

ಹಣೆಗೆ ಧರಿಸುವ ದ್ರವ್ಯಗಳಿಗೂ ಒಂದು ಮಾತು. ಅಂಟಿಸುವ ಬಿಂದಿಯ ಗೋಂದಿನಲ್ಲಿರುವ ಒಂದು ರಾಸಾಯನಿಕದಿಂದ ಹಣೆಯಲ್ಲಿ ಬಿಳಿಯ ಕಲೆ ಬರುವುದನ್ನು ನಮ್ಮ ದೇಶದ ಚರ್ಮವೈದ್ಯರು ದಾಖಲಿಸಿದ್ದಾರೆ. ಅದು ಅಂಟುರೋಗವೂ ಅಲ್ಲ, ಯಾವ ಶಾಪವೂ ಅಲ್ಲ. ಕಂಡೊಡನೆ ಬಿಂದಿಯನ್ನು ಬಿಟ್ಟು ವೈದ್ಯರಿಗೆ ತೋರಿಸಬೇಕು. ಕೃತಕ ಬಣ್ಣದ ಕುಂಕುಮ, ಸುಗಂಧ ಬೆರೆಸಿದ ವಿಭೂತಿ ತುರಿಕೆ ತಂದರೆ, ಶುದ್ಧವಾದ ಅರಿಸಿನದ ಕುಂಕುಮವನ್ನೂ ಗೋಮಯದ ವಿಭೂತಿಯನ್ನೂ ತೆಳುವಾಗಿ ಧರಿಸಿ ನೋಡಬಹುದು. ಅದರಿಂದಲೂ ತುರಿಕೆಯಾದರೆ ಚರ್ಮ ವಾಸಿಯಾಗುವವರೆಗೆ ಬಿಡುವುದರಿಂದ ಭಕ್ತಿಗೆ ಕುಂದಿಲ್ಲ.

ಮನೆಯಲ್ಲಿ ಪಾಲಿಸಬೇಕಾದ ಕೆಲವು ನಿಯಮಗಳು

1. ಹೊಸ ಎಣ್ಣೆ, ಕ್ರೀಮು, ಸಾಬೂನನ್ನು ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪವೇ, ದಿನಕ್ಕೆರಡು ಸಲ, ಏಳು ದಿನ ಹಚ್ಚಿ ನೋಡಿರಿ. ಸಾಬೂನನ್ನು ಹಚ್ಚಿದ ಬಳಿಕ ತೊಳೆಯಿರಿ. ಕೆಂಪು ತುರಿಕೆ ಬಂದರೆ ಬಿಡಿರಿ. ಸಿಮೆಂಟು, ಕೀಟನಾಶಕ, ಕೇರು, ಬಾವಂಚಿಗಳಿಗೆ ಈ ಪರೀಕ್ಷೆ ಸಲ್ಲದು.

2. ಒಬ್ಬರಿಗೆ ಬರೆದುಕೊಟ್ಟ ಮುಲಾಮನ್ನು ಇನ್ನೊಬ್ಬರು ಹಚ್ಚಬಾರದು. ಒಂದು ಜಾಗದ್ದನ್ನು ಇನ್ನೊಂದು ಜಾಗಕ್ಕೆ ಹಚ್ಚಬಾರದು.

3. ಘಟಕದ್ರವ್ಯ, ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕವಿಲ್ಲದ ಡಬ್ಬಿಯನ್ನು, ಅದರ ಮೇಲೆ ಆಯುರ್ವೇದವೆಂದು ಬರೆದಿದ್ದರೂ, ಕೊಳ್ಳಬೇಡಿರಿ.

4. ಬಿರುಕುಬಿಟ್ಟ, ಗಾಯವಾದ ಚರ್ಮಕ್ಕೆ ವೈದ್ಯರನ್ನು ಕೇಳದೆ ಏನನ್ನೂ ತಿಕ್ಕಬೇಡಿರಿ.

5. ವೈದ್ಯರ ಬಳಿಗೆ ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬು, ಎಣ್ಣೆ, ಪುಡಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಅನೇಕ ಸಲ ರೋಗದ ಮೂಲ ಆ ಚೀಲದಲ್ಲಿಯೇ ಇರುತ್ತದೆ.

6. ಕೆಲಸದ ಬಟ್ಟೆಯಲ್ಲಿಯೇ ಮನೆಯೊಳಗೆ ಬಂದು ಮಕ್ಕಳನ್ನು ಎತ್ತಿಕೊಳ್ಳಬೇಡಿರಿ. ಮೊದಲು ಸ್ನಾನ, ಬಳಿಕ ಮಕ್ಕಳು.

ಕಾಯಕದಿಂದಲೇ ಬದುಕು ಸಾಗಬೇಕು. ಸಿಮೆಂಟನ್ನೂ ಹೊಲವನ್ನೂ ಬಿಟ್ಟು ಯಾರೂ ಕೂರಲಾಗದು. ಆದರೆ ಕಾಯಕ ಮಾಡುವ ಕಾಯಕ್ಕೆ ಒಂದು ಜೊತೆ ಕೈಗವಸು, ಒಂದು ಬಕೆಟ್ ಶುದ್ಧ ನೀರು, ಒಂದು ಗಳಿಗೆಯ ವಿಚಾರ ಇಷ್ಟನ್ನು ಕೊಡುವುದು ನಮ್ಮೆಲ್ಲರಿಂದಲೂ ಸಾಧ್ಯ. ಕೆಲಸ ಕೊಡುವವರು ಮೊದಲೆರಡನ್ನು ಒದಗಿಸಲಿ, ಕೆಲಸ ಮಾಡುವವರು ಮೂರನೆಯದನ್ನು ರೂಢಿಸಿಕೊಳ್ಳಲಿ ಎಂದು ಹಾರೈಸುತ್ತೇವೆ.